ನಮ್ಮವರ ಮುಂದೆ ಸತ್ಯ



ಪ್ರತಿ ವರ್ಷ ಸೆಪ್ಟೆಂಬರ್ 17ರಂದು ನಮ್ಮ ಬೀದರ್, ಕಲಬುರಗಿಗಳಲ್ಲೂ, ಗಡಿಯಾಚೆಯ ಉಮರ್ಗಾ, ನಿಲಂಗಾ, ಉದ್ಗೀರ್‌ಗಳಲ್ಲೂ ಧ್ವಜ ಏರುತ್ತದೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ದಿನವದು. ಆಗ ಉದ್ಗೀರ್, ನಿಲಂಗಾ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲೇ ಇದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಊರುಗಳ ನೋವು ಮಾತ್ರ ಒಂದೇ ಆಗಿ ಉಳಿಯಿತು.

ಆ ನೋವಿಗೆ ಎರಡು ಅಧ್ಯಾಯಗಳಿವೆ. ನಾವು ಸಾಮಾನ್ಯವಾಗಿ ಒಂದನ್ನೇ ಓದುತ್ತೇವೆ.

ಮೊದಲನೆಯದು ರಜಾಕಾರರದು. ಅವರ ನಾಯಕ ಕಾಸಿಂ ರಜ್ವಿ ಇಲ್ಲಿಗೆ ಹತ್ತಿರದ ಲಾತೂರಿನಲ್ಲಿ ವಕೀಲನಾಗಿದ್ದವನು. ಅವನ ದಂಡು ಹಳ್ಳಿಗಳಿಗೆ ನುಗ್ಗಿ ಲೂಟಿ, ಕೊಲೆ ನಡೆಸಿದಾಗ ಎದುರು ಮಾತನಾಡುವವರು ಕಡಿಮೆ. ಮಾತನಾಡಿದವರಲ್ಲಿ ಒಬ್ಬರು ಶೋಯಬುಲ್ಲಾ ಖಾನ್. ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ. ತಾವೂ ಮುಸಲ್ಮಾನರಾಗಿದ್ದು, ತಮ್ಮವರ ಹೆಸರಿನಲ್ಲಿ ನಡೆಯುತ್ತಿದ್ದ ಹಿಂಸೆ ತಪ್ಪೆಂದು ಬರೆದರು. 1948ರ ಆಗಸ್ಟ್‌ನ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾಗ ಅವರ ಮೇಲೆ ಗುಂಡು ಹಾರಿಸಿದರು, ಕೈಯನ್ನು ಕತ್ತರಿಸಿದರು. ಅವರು ಉಳಿಯಲಿಲ್ಲ. ಮುಂದಿನ ತಿಂಗಳೇ ಭಾರತದ ಸೇನೆ ಬಂದಿತು.

ಎರಡನೆಯ ಅಧ್ಯಾಯ ಅಲ್ಲಿಂದ ಆರಂಭ. ಗೆದ್ದವರ ಕಡೆಯ ಜನ ಸೇಡಿಗೆ ಇಳಿದರು. ರಜಾಕಾರರ ಪಾಪಕ್ಕೆ ಏನೂ ಅರಿಯದ ಮುಸಲ್ಮಾನ ಕುಟುಂಬಗಳು ಬೆಲೆ ತೆತ್ತವು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್‌ಗಳನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಅದರಲ್ಲೇ ಒಂದು ಬೆಳಕಿನ ಸಂಗತಿಯೂ ಇದೆ: ಹಿಂದೂ ನೇಕಾರರು ತಮ್ಮ ಜೊತೆಗಾರರಾದ ಮುಸಲ್ಮಾನ ನೇಕಾರರನ್ನು ತಮ್ಮವರಿಂದಲೇ ಕಾಪಾಡಿದರು. ಕೆಲವರು ಅದಕ್ಕಾಗಿ ಪ್ರಾಣವನ್ನೇ ಕೊಟ್ಟರು. ಅವರ ಹೆಸರುಗಳು ಯಾವ ಸ್ಮಾರಕದಲ್ಲಿಯೂ ಕಾಣಸಿಗುವುದಿಲ್ಲ.

ಸಂಪಾದಕರಿಗೂ ನೇಕಾರರಿಗೂ ಇದ್ದದ್ದು ಒಂದೇ ಧೈರ್ಯ. ಪರರ ತಪ್ಪನ್ನು ಎತ್ತಿ ತೋರಿಸಲು ನಮಗೆಲ್ಲ ನಾಲಿಗೆ ಇದೆ. ನಮ್ಮವರೇ ತಪ್ಪು ಮಾಡಿದಾಗ ಅದು ಬಾಯೊಳಗೇ ಒಣಗುತ್ತದೆ.

ಪ್ರವಾದಿ ನಾತಾನನನ್ನು ನೆನೆಯೋಣ. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ದಾವೀದ ಶತ್ರು ರಾಜನೇನಲ್ಲ, ದೇವರು ಆರಿಸಿದ ಅರಸ, ನಾತಾನನ ಸ್ವಂತ ಒಡೆಯ. ನಾತಾನ ಅವನ ಮುಂದೆ ನಿಂತು ಬಡವನ ಒಂದೇ ಕುರಿಮರಿಯ ಕತೆ ಹೇಳಿದ. ಕೊನೆಗೆ ಆ ತಪ್ಪಿತಸ್ಥ ಅರಸನೇ ಎಂದು ಮುಖಕ್ಕೆ ಹೇಳಿದ. ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಆದ್ದರಿಂದಲೇ ದಾವೀದನಿಗೆ ಪಶ್ಚಾತ್ತಾಪದ ಬಾಗಿಲು ತೆರೆಯಿತು. ಯೇಸುಸ್ವಾಮಿಯೂ ಮಹಾಯಾಜಕನ ಮುಂದೆ ಕಪಾಳಕ್ಕೆ ಹೊಡೆಸಿಕೊಂಡಾಗ ತಿರುಗಿ ಕೈ ಎತ್ತಲಿಲ್ಲ. ಹೊಡೆದದ್ದು ಏಕೆಂದು ಕೇಳದೆಯೂ ಇರಲಿಲ್ಲ.

ನಮ್ಮ ಮನೆಗೇ ಬರೋಣ. ತಂಗಿಯ ಪಾಲನ್ನು ನುಂಗಿದ ಅಣ್ಣ, ಕೂಲಿಯವರ ಹಣ ಹಿಡಿದಿಟ್ಟು ಚರ್ಚಿನ ಹಬ್ಬಕ್ಕೆ ಉದಾರವಾಗಿ ದಾನ ಕೊಡುವ ಗುತ್ತಿಗೆದಾರ, ಸೊಸೆಯನ್ನು ಕಣ್ಣೀರಿಡಿಸುವ ಹಿರಿಯರು: ಇವರಿಗೆ ಹೇಳುವವರು ಯಾರು? "ನಮಗೇಕೆ ಊರ ಉಸಾಬರಿ" ಎಂದು ನಾವು ಸುಮ್ಮನಾಗುತ್ತೇವೆ. ಆ ಮೌನವನ್ನೂ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಲ್ಲವೇ?

ಮೊದಲು ಪ್ರಾರ್ಥಿಸೋಣ. ಆಮೇಲೆ ಒಬ್ಬಂಟಿಯಾಗಿ ಸಿಕ್ಕಾಗ, ಮೆಲುದನಿಯಲ್ಲಿ, ಸ್ಪಷ್ಟವಾಗಿ ಹೇಳೋಣ. ಕೇಳದಿದ್ದರೆ ಅನ್ಯಾಯಕ್ಕೆ ಒಳಗಾದವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳೋಣ. ಹೆಸರಿಲ್ಲದ ಆ ನೇಕಾರರು ಮಾಡಿದ್ದೂ ಇಷ್ಟೇ.