ಇಂಜಿನ್ನು ಆಮೇಲೆ, ಮೊದಲು ಬೆನ್ನೆಲುಬು!

ಅರವತ್ತರ ದಶಕದ ಮಸ್ಟ್ಯಾಂಗ್ ಕೊಂಡವರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಬಾನೆಟ್ ಎತ್ತಿ, ಕಾರ್ಬುರೇಟರ್ ಬದಲಿಸೋದಾ, ಇಲ್ಲಾ ಇಂಜಿನ್ನನ್ನೇ ಬದಲಿಸೋದಾ ಅಂತ ಲೆಕ್ಕ ಹಾಕೋದು. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಮೊದಲು ಬಗ್ಗಿ ಕಾರಿನ ಹೊಟ್ಟೆ ನೋಡಬೇಕು ಸ್ವಾಮಿ.

ಫೋರ್ಡ್ ಈ ಕಾರನ್ನ ಲೋಕಕ್ಕೆ ತೋರಿಸಿದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ. ಮೇಲೆ ಎಷ್ಟೇ ಥಳುಕಿದ್ದರೂ ಒಳಗಿನ ಎಲುಬು ಫಾಲ್ಕನ್ ಅನ್ನೋ ಅಗ್ಗದ ಸಂಸಾರದ ಕಾರಿನದು. ಲಾರಿಗಿರೋ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಮುಂದಿನ ಎರಡು ಉಕ್ಕಿನ ತೊಲೆಗಳು ಮುಂದಿನ ಸೀಟಿನ ಕೆಳಗೇ ಮುಗಿದುಹೋಗುತ್ತವೆ. ಹಿಂದಿನ ತೊಲೆಗಳು ಶುರುವಾಗೋದು ಹಿಂದಿನ ಸೀಟಿನ ಹತ್ತಿರ. ನಡುವೆ ತಗಡಿನ ನೆಲ, ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್, ಅಷ್ಟೇ!

ಶುರುವಿನ ಆರು ಸಿಲಿಂಡರ್ ಇಂಜಿನ್ನಿನ 101 ಅಶ್ವಶಕ್ತಿಗೆ ಇದು ಸಾಕಿತ್ತು. ಈಗ ಅದೇ ತಗಡಿಗೆ ಅರವತ್ತು ವರ್ಷ ವಯಸ್ಸು. ಅದರ ಮೇಲೆ 400 ಅಶ್ವಶಕ್ತಿ, ಅಗಲದ ಟೈರು ಹೇರಿದರೆ ಏನಾಗುತ್ತೆ? ಬಾಡಿ ತಿರುಚುತ್ತೆ. ಬಾಗಿಲು ಸರಿಯಾಗಿ ಕೂರಲ್ಲ, ಮೂಲೆಗಳಲ್ಲಿ ಬಿರುಕು. ಬಾಡಿಯೇ ಒಂದು ಸ್ಪ್ರಿಂಗ್ ಆಗಿಬಿಟ್ಟರೆ ನೀವು ದುಡ್ಡು ಸುರಿದು ಹಾಕಿಸಿದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಏನು ಮಾಡಬೇಕು ಪಾಪ?

ಇದಕ್ಕೆ ಮದ್ದು ಸಬ್‌ಫ್ರೇಮ್ ಕನೆಕ್ಟರ್. ಹಿಂದು ಮುಂದಿನ ತೊಲೆಗಳನ್ನ ಜೋಡಿಸೋ ಎರಡು ಚೌಕದ ಪೈಪು. ಪೈಪೇ ಯಾಕೆ ಅಂದ್ರೆ, 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪಿಗೆ ಉದ್ದಕ್ಕೂ ಒಂದು ಸೀಳು ಬಿಟ್ಟರೆ ತಿರುಚನ್ನ ತಡೆಯೋ ಬಲ ಸುಮಾರು 180 ಪಟ್ಟು ಇಳಿದುಹೋಗುತ್ತೆ. ಮುಚ್ಚಳ ಅಂಟಿಸಿದ ಮಿಠಾಯಿ ಡಬ್ಬಕ್ಕೂ ಮುಚ್ಚಳ ತೆಗೆದ ಡಬ್ಬಕ್ಕೂ ಇರೋ ವ್ಯತ್ಯಾಸ. ತೂಕ? ಮೀಟರಿಗೆ ನಾಲ್ಕೂವರೆ ಕಿಲೋ. ಒಬ್ಬ ಪ್ಯಾಸೆಂಜರನ್ನ ಕೂರಿಸಿಕೊಂಡರೆ ಇದಕ್ಕಿಂತ ಹೆಚ್ಚಾಗುತ್ತೆ :-)

"ಅಯ್ಯೋ, ಕಾರಿನ ಒರಿಜಿನಾಲಿಟಿ ಕೆಡುತ್ತೆ" ಅನ್ನೋರು ಇದ್ದಾರೆ. ಅವರಿಗೆ ನನ್ನ ಪ್ರಶ್ನೆ ಇಷ್ಟೇ. ಛಾವಣಿ ಇಲ್ಲದ ಕನ್ವರ್ಟಿಬಲ್ ಮಾಡೆಲ್ಲಿಗೆ ಫೋರ್ಡ್ ತಾನೇ ತಳದಲ್ಲಿ ಹೆಚ್ಚು ಉಕ್ಕು ಹಾಕಲಿಲ್ವಾ? 1965ರ ಶೆಲ್ಬಿ ಜಿಟಿ350ಗೆ ಇಂಜಿನ್ ಕೋಣೆಯಲ್ಲಿ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಲಿಲ್ವಾ? ಬಿಗಿ ಸಾಲದು ಅಂತ ಮಾಡಿದವರಿಗೇ ಗೊತ್ತಿತ್ತು. ಒಂದು ಸ್ಕ್ರೂ ಕೂಡ ಬದಲಾಗದ, ಪ್ರದರ್ಶನಕ್ಕಷ್ಟೇ ಹೋಗೋ ಕಾರಾದರೆ ಮುಟ್ಟಬೇಡಿ, ಒಪ್ಪುತ್ತೇನೆ. ಓಡಿಸೋ ಕಾರಿಗೆ ಈ ಮಡಿ ಯಾಕೆ?

ಆದರೆ ಮಾಡಿದರೆ ನೆಟ್ಟಗೆ ಮಾಡಬೇಕು. ಬೋಲ್ಟ್ ಹಾಕಿ ಕೂರಿಸೋದು ಸುಲಭ, ಆದರೆ ತೂತು ಸವೆದು ಸಡಿಲವಾಗುತ್ತೆ. ವೆಲ್ಡಿಂಗೇ ಸರಿ. ತುಕ್ಕು ಹಿಡಿದ ತೊಲೆಗೆ ವೆಲ್ಡ್ ಮಾಡೋದು ಗೆದ್ದಲು ತಿಂದ ಮರಕ್ಕೆ ಮೊಳೆ ಹೊಡೆದಂತೆ, ಮೊದಲು ಅದನ್ನ ರಿಪೇರಿ ಮಾಡಿ. ಎಲ್ಲಕ್ಕಿಂತ ಮುಖ್ಯ, ವೆಲ್ಡ್ ಮಾಡುವಾಗ ಕಾರಿನ ಭಾರ ಚಕ್ರಗಳ ಮೇಲೇ ಇರಬೇಕು. ಬಾಡಿಯನ್ನ ಲಿಫ್ಟಿನಲ್ಲಿ ತೂಗುಹಾಕಿ ಬೆಸೆದರೆ ಆಗ ಬಗ್ಗಿದ್ದ ಬಾಗು ಶಾಶ್ವತ! ಬಾಗಿಲ ಸಂದು ಅಳೆದು, ಅಲ್ಲಲ್ಲಿ ಟ್ಯಾಕ್ ಹಾಕಿ, ಮತ್ತೆ ಅಳೆದು, ಆಮೇಲೆ ಎಡಕ್ಕೊಂದು ಬಲಕ್ಕೊಂದು ಚಿಕ್ಕ ಚಿಕ್ಕ ವೆಲ್ಡ್. ಬ್ಯಾಟರಿ ಕಳಚಿರಲಿ. ಕಾರ್ಪೆಟ್ಟು, ಸೀಟು ಹೊರಗಿರಲಿ. ಪೆಟ್ರೋಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹಾದಿವೆ ಅಂತ ಮೊದಲೇ ನೋಡಿಕೊಳ್ಳಿ. ಬೆಂಕಿ ಆರಿಸೋ ಸಿಲಿಂಡರ್ ಕೈಗೆಟುಕುವ ಹಾಗಿರಲಿ.

ನಮ್ಮ ಸಾಫ್ಟ್‌ವೇರ್ ಕಡೆಯೂ ಇದೇ ರೋಗ. ಬುಡ ಅಲ್ಲಾಡುತ್ತಿದ್ದರೂ ಮೇಲೆ ಹೊಸ ಫೀಚರ್ ಬೇಕು. ಅಲ್ಲಿ ಪ್ರೋಗ್ರಾಂ ಕೈಕೊಡುತ್ತೆ, ರೀಸ್ಟಾರ್ಟ್ ಮಾಡಬಹುದು. ತಿರುವಿನಲ್ಲಿ, ನೂರರ ವೇಗದಲ್ಲಿರೋ ಕಾರಿಗೆ ಆ ಭಾಗ್ಯ ಇಲ್ಲ. ಏನಂತೀರಿ?