ಪಕ್ಕದವನು ಮುಖ ತಿರುಗಿಸಿದ್ದು ಯಾಕೆ?

ಕಳೆದ ವರ್ಷ ಕನ್ನಡ ತರಗತಿಯಲ್ಲಿ ಪಾಠ ಗಟ್ಟಿಯಾಗಿ ಓದುವ ಸರದಿ ನನಗೆ ಬಂದಾಗಲೆಲ್ಲ ಪಕ್ಕದಲ್ಲಿ ಕೂತ ಗೆಳೆಯ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ನಮ್ಮ ಮನೆಮಾತು ಉರ್ದು. ‘ಳ’ ಮತ್ತು ‘ಣ’ ನನ್ನ ಬಾಯಲ್ಲಿ ಸರಿಯಾಗಿ ಬರುವುದಿಲ್ಲ ಎಂದು ನನಗೇ ಗೊತ್ತು. ನಗು ತಡೆಯಲಾರದೆ ತಿರುಗುತ್ತಾನೆ ಅಂದುಕೊಂಡೆ. ಕೆಲವು ವಾರಗಳಲ್ಲಿ ನಾನು ಓದುವುದನ್ನೇ ಬಿಟ್ಟೆ. ಮೇಡಂ ಹೆಸರು ಕರೆದರೆ ಗಂಟಲು ನೋವು ಎನ್ನುತ್ತಿದ್ದೆ.

ದಸರಾ ರಜೆಗೆ ನಾನಿಯ ಮನೆಗೆ ಹೋದಾಗ ನಿಜ ಗೊತ್ತಾಯಿತು. ಹತ್ತಿರ ಕೂತು ಏನೋ ಹೇಳುತ್ತಿದ್ದೆ. ನಾನಿ ಸೆರಗನ್ನು ಮೂಗಿಗೆ ಹಿಡಿದು, “ಮೂಂ ಬಾಸ್ ಮಾರ್ರಾ ರೇ” ಅಂದರು. ಬಾಯಿ ನಾರುತ್ತಿದೆ ಎಂದು ಇಷ್ಟು ನೇರವಾಗಿ ಹೇಳಲು ನಾನಿಯರಿಗೆ ಮಾತ್ರ ಸಾಧ್ಯ. ಅಲ್ಲಿಯವರೆಗೆ ನನಗೆ ಅದರ ಸುಳಿವೇ ಇರಲಿಲ್ಲ. ಸದಾ ಇರುವ ವಾಸನೆಗೆ ಮೂಗು ಒಗ್ಗಿಹೋಗುತ್ತದೆ, ಹಾಗಾಗಿ ನಮ್ಮ ಬಾಯಿಯ ವಾಸನೆ ನಮಗೆ ಗೊತ್ತಾಗುವುದು ಕಷ್ಟ. ಮುಂಗೈ ಒಳಭಾಗವನ್ನು ನೆಕ್ಕಿ, ಒಣಗಿದ ಮೇಲೆ ಮೂಸಿ ನೋಡಿದರೆ ಸ್ವಲ್ಪ ಅಂದಾಜು ಸಿಗುತ್ತದಂತೆ. ನೋಡಿದೆ. ನಾನಿ ಹೇಳಿದ್ದು ಸರಿ.

ನಾನು ಹಲ್ಲುಜ್ಜದವನಲ್ಲ. ಆದರೆ ಉಜ್ಜಿದಾಗ ವಸಡಿನಿಂದ ರಕ್ತ ಬರುತ್ತಿತ್ತು, ಹೆದರಿ ಆ ಜಾಗ ಬಿಟ್ಟು ಉಜ್ಜುತ್ತಿದ್ದೆ. ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರು ಇದನ್ನು ಕೇಳಿ ನಕ್ಕರು. ನಾನು ಮಾಡಿದ್ದು ತಿರುವುಮುರುವು. ಹಲ್ಲಿನ ಬುಡದಲ್ಲಿ ಪಾಚಿ ಕೂತು ವಸಡು ಊದಿಕೊಂಡಿದ್ದರಿಂದಲೇ ರಕ್ತ ಬರುತ್ತಿತ್ತು, ಉಜ್ಜದೆ ಬಿಟ್ಟಷ್ಟೂ ಅದು ಹೆಚ್ಚಾಯಿತು. ಪಾಚಿ ಗಟ್ಟಿಯಾಗಿ ಕಲ್ಲಿನಂತಾದರೆ ಬ್ರಶ್‌ಗೆ ಬಗ್ಗುವುದಿಲ್ಲ, ಡಾಕ್ಟರೇ ತೆಗೆಯಬೇಕು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಕೊಡದೆ ಉಳಿಸಿಕೊಂಡ ಬಾಕಿ ಅದು.

ಬಾಯಿ ವಾಸನೆಗೆ ಹೊಟ್ಟೆ ಕಾರಣ ಎಂದು ನಮ್ಮ ಮನೆಯಲ್ಲೂ ನಂಬಿದ್ದರು. ಹೆಚ್ಚಿನವರಲ್ಲಿ ಕಾರಣ ಬಾಯಿಯೊಳಗೇ ಇದೆ. ಹಲ್ಲಿನ ಸಂದಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ನಾಲಿಗೆಯ ಹಿಂಭಾಗದಲ್ಲಿ ಬ್ಯಾಕ್ಟೀರಿಯಾ ಉಳಿದ ಆಹಾರವನ್ನು ಕೊಳೆಸುತ್ತವೆ, ಆಗ ಗಂಧಕ ಸೇರಿದ ಅನಿಲಗಳು ಹುಟ್ಟುತ್ತವೆ. ಕೊಳೆತ ಮೊಟ್ಟೆಯ ವಾಸನೆಯೂ ಅದೇ ಜಾತಿಯದು. ನಿದ್ದೆಯಲ್ಲಿ ಜೊಲ್ಲು ಕಡಿಮೆ ಬರುವುದರಿಂದ ಬೆಳಿಗ್ಗೆ ಎಲ್ಲರ ಬಾಯಿಯೂ ನಾರುತ್ತದೆ. ರಾತ್ರಿ ಮಲಗುವ ಮುಂಚೆ ಉಜ್ಜುವುದು ಅದಕ್ಕೇ ಮುಖ್ಯ, ನಾವು ತಪ್ಪಿಸುವುದೂ ಅದನ್ನೇ. ದಿನಕ್ಕೆ ಎರಡು ಸಲ, ಸಲಕ್ಕೆ 2 ನಿಮಿಷ, ಜೊತೆಗೆ ಟಂಗ್ ಕ್ಲೀನರ್. ಬ್ರಶ್ 3 ತಿಂಗಳಿಗೊಮ್ಮೆ ಬದಲಾಗಬೇಕು. ಇಷ್ಟೆಲ್ಲ ಮಾಡಿಯೂ ವಾಸನೆ ಹೋಗದಿದ್ದರೆ ಡಾಕ್ಟರಿಗೆ ತೋರಿಸಬೇಕು, ಮೂಗು, ಗಂಟಲು ಅಥವಾ ಸಕ್ಕರೆ ಕಾಯಿಲೆಯೂ ಕಾರಣ ಇರಬಹುದು.

ಇದನ್ನು ಬಿಟ್ಟು ನಾವು ಏನು ಮಾಡುತ್ತೇವೆ? ಚೂಯಿಂಗ್ ಗಮ್, ಮೌತ್‌ವಾಶ್. ವಾಣಿಜ್ಯ ವಿದ್ಯಾರ್ಥಿಗಳಿಗೆ ಒಂದು ಸ್ವಾರಸ್ಯದ ವಿಷಯ: ಲಿಸ್ಟರಿನ್ 1879ರಲ್ಲಿ ತಯಾರಾದದ್ದು ಕ್ರಿಮಿನಾಶಕವಾಗಿ, ಹೆಸರು ಬಂದದ್ದು ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯರಿಂದ. 1920ರ ದಶಕದ ಅಮೆರಿಕದ ಜಾಹೀರಾತುಗಳು ‘ಹ್ಯಾಲಿಟೋಸಿಸ್’ ಎಂಬ ಪದವನ್ನು ಮುಂದಿಟ್ಟು, ಬಾಯಿ ವಾಸನೆ ಇದ್ದರೆ ಮದುವೆಯೇ ಆಗುವುದಿಲ್ಲ ಎಂದು ಹೆದರಿಸಿ ಅದನ್ನು ಮಾರಿದವು. ಮಾರ್ಕೆಟಿಂಗ್‌ಗೆ ಪೂರ್ತಿ ಅಂಕ ಕೊಡಬಹುದು. ಆದರೆ ಪಾಚಿ ಹಾಗೇ ಇದ್ದರೆ ಬಾಯಿ ಮುಕ್ಕಳಿಸಿದ್ದು ಸ್ವಲ್ಪ ಹೊತ್ತಿಗೆ ಮಾತ್ರ.

ಗಮ್ ಅಗಿಯುವವರಲ್ಲಿ ಕೆಲವರು ಮುಚ್ಚಿಡುವುದು ಬೇರೆ ವಾಸನೆಯನ್ನು. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಆದರೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಸೇರಿಸಿದರೆ ಮುಗಿಯಿತು. ಕಾಲೇಜಿನ ಹತ್ತಿರ ತಂಬಾಕು ಮಾರಬಾರದು, 21 ತುಂಬದವರಿಗೆ ಎಲ್ಲಿಯೂ ಕೊಡಬಾರದು ಎಂದು ಕಾನೂನಿದೆ. ನನಗೆ 17. ಕೇಳಿದರೆ ಯಾವ ಅಂಗಡಿಯವರು ಕೊಡುತ್ತಾರೆ ಎಂದು ನಮ್ಮೆಲ್ಲರಿಗೂ ಗೊತ್ತು. ಅಡಿಕೆ ಜಗಿದು ಜಗಿದು ಬಾಯಿ ಪೂರ್ತಿ ತೆರೆಯಲಾಗದವರನ್ನು ನಾನು ಆಸ್ಪತ್ರೆಯ ಸಾಲಿನಲ್ಲೇ ನೋಡಿದೆ, ಮುದುಕರಲ್ಲ.

ರಂಜಾನ್‌ನಲ್ಲಿ ಒಂದು ಮಾತು ಕೇಳಿಬರುತ್ತದೆ: ರೋಜಾ ಇರುವವರ ಬಾಯಿಯ ವಾಸನೆ ಅಲ್ಲಾಹನಿಗೆ ಕಸ್ತೂರಿಗಿಂತ ಪ್ರಿಯ, ಹಾಗಾದರೆ ಉಜ್ಜುವುದೇಕೆ? ಆ ಹದೀಸ್ ಹೇಳುವುದು ಉಪವಾಸದ ಬಗ್ಗೆ. ಸಹರಿಯಲ್ಲಿ ತಿಂದ ಕೀಮಾ ಹಲ್ಲಿನ ಸಂದಿಯಲ್ಲಿ ಉಳಿದದ್ದರ ಬಗ್ಗೆ ಅಲ್ಲ ಎಂಬುದು ನನ್ನ ಅನಿಸಿಕೆ, ಅರಬಿಕ್ ಸರ್ ತಿದ್ದಿದರೆ ಒಪ್ಪುತ್ತೇನೆ. ಮಿಸ್ವಾಕ್‌ಗೆ ನಮ್ಮಲ್ಲಿ ಎಷ್ಟು ಮಹತ್ವವಿದೆ, ಹಸಿ ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಯಾಕೆ ಹೇಳಲಾಗಿದೆ? ಸಾಲಿನಲ್ಲಿ ಪಕ್ಕ ನಿಂತವನಿಗೆ ತೊಂದರೆಯಾಗುತ್ತದೆ ಎಂದು. ಬೆಂಚಿನಲ್ಲಿ ಪಕ್ಕ ಕೂತವನೂ ಪಕ್ಕದವನೇ.

ನಮ್ಮಲ್ಲಿ ಯಾರ ಬಾಯಿ ನಾರುತ್ತದೆ ಎಂದು ಇಡೀ ತರಗತಿಗೆ ಗೊತ್ತಿರುತ್ತದೆ, ಅವನೊಬ್ಬನಿಗೆ ಬಿಟ್ಟು. ಅಡ್ಡಹೆಸರು ಇಡುತ್ತೇವೆ, ಹೇಳುವುದಿಲ್ಲ. ಒಬ್ಬನೇ ಸಿಕ್ಕಾಗ, ಮೆಲ್ಲಗೆ, ನಗದೆ ಹೇಳಿಬಿಡಿ. ಆ ಕ್ಷಣ ಅವನಿಗೆ ಕೋಪ ಬರುತ್ತದೆ, ನನಗೂ ಬಂತು. ಆಡಳಿತ ಮಂಡಳಿಗೂ ಒಂದು ಮನವಿ: ಊಟದ ಬಿಡುವಿನಲ್ಲಿ ಕೈ ತೊಳೆಯುವುದಕ್ಕೇ ನೂಕುನುಗ್ಗಲು, ಬಾಯಿ ಮುಕ್ಕಳಿಸುವ ಮಾತೆಲ್ಲಿ. ವುಜೂ ನಲ್ಲಿಗಳನ್ನು ಆ ಹೊತ್ತಿಗೆ ಎಲ್ಲರಿಗೂ ತೆರೆದರೆ ಸಾಕು.

ಆ ಗೆಳೆಯನನ್ನು ಆಮೇಲೆ ಕೇಳಿದೆ, ಯಾಕೆ ಹೇಳಲಿಲ್ಲ ಅಂತ. “ನಿನಗೆ ಬೇಜಾರಾಗುತ್ತೆ ಅಂತ” ಅಂದ. ನನ್ನ ‘ಳ’ ಬಗ್ಗೆಯೂ ಕೇಳಿದೆ. ಅದು ಸರಿಯಿಲ್ಲವಂತೆ, ಆದರೆ ಅವನು ಅದಕ್ಕೆ ಯಾವತ್ತೂ ನಕ್ಕಿಲ್ಲವಂತೆ. ಹೋದ ವಾರ ಮೇಡಂ ಕರೆದಾಗ ಎರಡು ಪುಟ ಓದಿದೆ.