ದ್ರಾಕ್ಷಾರಸವೆಂಬ ಹೆಸರು, ಮದ್ಯವೆಂಬ ವಸ್ತು

ಹೆಸರು ಬದಲಾದ ಮಾತ್ರಕ್ಕೆ ವಸ್ತುವಿನ ಸ್ವಭಾವ ಬದಲಾಗದು. ವೈನನ್ನು 'ದ್ರಾಕ್ಷಾರಸ'ವೆಂದು ಕರೆಯುವ ರೂಢಿ ಕನ್ನಡದಲ್ಲಿ ಹಳೆಯದು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದ ಬಳಿಕ ಈ ಸೌಮ್ಯ ನಾಮಕ್ಕೆ ಮಂಡಳಿಯ ಹಾಗೂ ಉತ್ಸವಗಳ ಮನ್ನಣೆಯೂ ದೊರೆಯಿತು. ರಸವೆಂದರೆ ಹಣ್ಣಿನಿಂದ ಹಿಂಡಿದ ಸಾರ. ವೈನೆಂದರೆ ಆ ಸಾರವು ಹುದುಗಿ ಮದ್ಯವಾದದ್ದು. ಈ ಅಂತರವನ್ನು ಮರೆಸುವ ಹೆಸರಿನ ನೆರಳಿನಲ್ಲಿ "ಇದು ಕೃಷಿ, ಮದ್ಯದ ವ್ಯಾಪಾರವಲ್ಲ" ಎಂಬ ವಾದವು ಧರ್ಮಶ್ರದ್ಧೆಯುಳ್ಳ ಮನೆಗಳ ಹೊಸ್ತಿಲನ್ನೂ ದಾಟಬಲ್ಲದು.

ಆ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ವಿಜಯಪುರದ ಎತ್ತರದ ಒಣಬಯಲಿನಲ್ಲಿ ಮಳೆ ಅಲ್ಪ, ಬಿಸಿಲು ತೀಕ್ಷ್ಣ. ಹನಿ ನೀರಾವರಿಯಲ್ಲಿ ಬೆಳೆಯುವ ದ್ರಾಕ್ಷಿಯು ಅಲ್ಲಿನ ಅನೇಕ ಕುಟುಂಬಗಳಿಗೆ ಅನ್ನ ನೀಡಿದೆ. ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಬೋಧಿಸಿದವನು ಸ್ವತಃ ಆದಿನಾಥ. ಉಳುಮೆಯಲ್ಲಿ ಘಟಿಸುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನೆಂಬುದನ್ನು ಆಚಾರ್ಯರೂ ಬಲ್ಲರು. ಆದರೆ ಉದ್ಯೋಗೀ ಹಿಂಸೆಯ ವಿನಾಯಿತಿಯು ಯೋಗ್ಯ ಉದ್ಯೋಗಕ್ಕೆ ಮಾತ್ರ ಸಲ್ಲುತ್ತದೆ. ಮದ್ಯದ ವ್ಯಾಪಾರವು ರಸವಾಣಿಜ್ಯವೆಂದು ಹದಿನೈದು ಕರ್ಮಾದಾನಗಳಲ್ಲಿ ಎಣಿಸಲ್ಪಟ್ಟಿದೆ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಮದ್ಯತ್ಯಾಗವನ್ನು ಅಷ್ಟಮೂಲಗುಣಗಳಲ್ಲೇ ಇರಿಸಿದೆ. ಮೂಲವೇ ಕಡಿದ ಮೇಲೆ ಕೊಂಬೆಗೆ ನೀರೆರೆದು ಫಲವೇನು?

ಮದ್ಯದ ದೋಷವು ಅಮಲೊಂದರಲ್ಲೇ ಇಲ್ಲ. ಅದು ಅಸಂಖ್ಯ ಜೀವಗಳ ಜನ್ಮಸ್ಥಾನ, ಆದ್ದರಿಂದ ಅದರ ಸೇವನೆಯಲ್ಲಿ ಹಿಂಸೆ ಅನಿವಾರ್ಯ ಎಂಬುದು ಅಮೃತಚಂದ್ರಾಚಾರ್ಯರ 'ಪುರುಷಾರ್ಥಸಿದ್ಧ್ಯುಪಾಯ'ದ ನಿಲುವು. ಸಂಭ್ರಮಕೂಟಗಳಲ್ಲಿ ಮೆರೆಯುವ ನೊರೆವೈನಿನ ತಯಾರಿಕೆಯನ್ನು ನೋಡಿದರೆ ಈ ಮಾತು ಕಣ್ಣಿಗೆ ಕಟ್ಟುತ್ತದೆ. ಫ್ರಾನ್ಸಿನ ಶಾಂಪೇನ್ ಸೀಮೆಯ ಈ ವಿಧಾನವು 1980ರ ದಶಕದಲ್ಲೇ ಪುಣೆ ಜಿಲ್ಲೆಯ ನಾರಾಯಣಗಾಂವಕ್ಕೆ ಬಂದಿತ್ತು. ಸಿದ್ಧವಾದ ವೈನಿಗೆ ಮತ್ತೆ ಸಕ್ಕರೆಯನ್ನೂ ಯೀಸ್ಟನ್ನೂ ಬೆರೆಸಿ ಶೀಷೆಯ ಬಾಯಿ ಬಿಗಿಯಲಾಗುತ್ತದೆ. ಯೀಸ್ಟಿನ ಜೀವಕಣಗಳು ಸಕ್ಕರೆಯನ್ನುಂಡು ಬಿಡುವ ಅನಿಲವು ಹೊರದಾರಿಯಿಲ್ಲದೆ ಮದ್ಯದಲ್ಲೇ ಕರಗಿ, ಒಳಗಿನ ಒತ್ತಡವು ವಾಯುಮಂಡಲದ ಸುಮಾರು 6 ಪಟ್ಟಿಗೇರುತ್ತದೆ. ಆಹಾರ ತೀರಿದೊಡನೆ ಆ ಜೀವಗಳು ಅಲ್ಲೇ ಸಾಯುತ್ತವೆ. ಶಾಂಪೇನಿನ ನಿಯಮದಂತೆ ಕನಿಷ್ಠ 12 ತಿಂಗಳು ಮದ್ಯವು ಆ ಗಷ್ಟಿನ ಮೇಲೆಯೇ ಇರಬೇಕು. ಕಳೇಬರಗಳು ಕರಗಿ ಬರುವ ಸ್ವಾದವೇ ಅದರ ಹೆಚ್ಚುಗಾರಿಕೆ. ಕಡೆಗೆ ಶೀಷೆಯನ್ನು ತಲೆಕೆಳಗಾಗಿಸಿ, ಕತ್ತಿನಲ್ಲಿ ಕೂಡಿದ ಗಷ್ಟನ್ನು ಹೆಪ್ಪುಗಟ್ಟಿಸಿ ಹೊರಚಿಮ್ಮಿಸುತ್ತಾರೆ. ಮದ್ಯವನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದ ಅಂಟು ಬಳಸುವ ಪದ್ಧತಿಯೂ ಉಂಟು.

ಮೊಸರಿನಲ್ಲಿಯೂ ಸೂಕ್ಷ್ಮಜೀವಿಗಳಿಲ್ಲವೇ ಎಂದು ಕೇಳುವವರಿದ್ದಾರೆ. ಉಂಟು, ಆದುದರಿಂದಲೇ ಜೈನ ಗೃಹಿಣಿ ಮೊಸರಿಗೆ ಕಾಲಮರ್ಯಾದೆ ಪಾಲಿಸುತ್ತಾಳೆ. ಒಂದೆಡೆ ಜೀವೋತ್ಪತ್ತಿಯ ಭಯದಿಂದ ವಸ್ತುವನ್ನು ತ್ಯಜಿಸುವ ವಿವೇಕ. ಇನ್ನೊಂದೆಡೆ ಜೀವರಾಶಿಯನ್ನು ಬುದ್ಧಿಪೂರ್ವಕವಾಗಿ ಬೆಳೆಸಿ, ಕೊಂದು, ಶವದ ಮೇಲೆ ವರ್ಷಗಟ್ಟಲೆ ಇರಿಸಿ ಬೆಲೆ ಏರಿಸುವ ಕೌಶಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

"ಕುಡಿಯುವುದಿಲ್ಲ, ಹಣ್ಣು ಮಾರುತ್ತೇವೆ ಅಷ್ಟೇ" ಎಂಬ ಸಮಾಧಾನವೂ ನಿಲ್ಲದು. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದ ಕರ್ಮಾಸ್ರವವಾಗುತ್ತದೆ. ಸಂತೆಗೆ ಹೋದ ಹಣ್ಣು ಮುಂದೆ ಏನಾಯಿತೆಂಬುದನ್ನು ಬೆಳೆಗಾರ ಅರಿಯಲಾರ. ಆದರೆ ವೈನಿಗೆಂದೇ ತಳಿ ಆರಿಸಿ, ಕಾರ್ಖಾನೆಯೊಡನೆ ಕರಾರು ಬರೆದುಕೊಟ್ಟವನು ಅರಿಯದೆ ಮಾಡಿದೆನೆನ್ನುವಂತಿಲ್ಲ. ಅಂಥ ತೋಟಕ್ಕೆ ಬಸದಿಯ ಭೂಮಿಯನ್ನು ಗುತ್ತಿಗೆ ಕೊಟ್ಟು, ಬಂದ ಹಣದಲ್ಲಿ ಅಭಿಷೇಕ ನಡೆಸುವ ಟ್ರಸ್ಟು ಜಿನಬಿಂಬದ ಮುಂದೆ ಯಾವ ಲೆಕ್ಕ ಒಪ್ಪಿಸೀತು?

ದಾರಿಯಿಲ್ಲವೆಂದೇನೂ ಅಲ್ಲ. ವಿಜಯಪುರದ ರೈತರು ಬೀಜರಹಿತ ದ್ರಾಕ್ಷಿಯನ್ನು ನೆರಳಿನ ಮಾಳಿಗೆಗಳಲ್ಲಿ ಎರಡು ವಾರದಷ್ಟು ಒಣಗಿಸಿ, ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ ಪಡೆಯುತ್ತಾರೆ. ಸರಕು ಸಾಂಗ್ಲಿ, ತಾಸಗಾಂವದ ಪೇಟೆಗಳವರೆಗೂ ಹೋಗುತ್ತದೆ. ಬೆಲೆ ಕುಸಿದಾಗ ಮದ್ಯದ ಕರಾರು ರೈತನನ್ನು ಸೆಳೆಯುವುದು ಸಹಜ. ಆ ಹೊತ್ತಿಗೆ ಉಪದೇಶಕ್ಕಿಂತ ಶೀತಲಗೃಹ, ಒಣಗಿಸುವ ಮಾಳಿಗೆ, ಬಡ್ಡಿಯಿಲ್ಲದ ಸಾಲ ಹೆಚ್ಚು ಉಪಕಾರಿ. ಮಹೋತ್ಸವಗಳಿಗೆ ಲಕ್ಷಗಟ್ಟಲೆ ಸಂಗ್ರಹಿಸಬಲ್ಲ ಸಮಾಜಕ್ಕೆ ಇದು ಅಸಾಧ್ಯವೇ? ಟ್ರಸ್ಟುಗಳು ತಮ್ಮ ಗುತ್ತಿಗೆ ಪತ್ರಗಳಲ್ಲಿ ಮದ್ಯೋದ್ದೇಶದ ಬೆಳೆಯನ್ನು ನಿಷೇಧಿಸುವ ಒಂದು ಸಾಲನ್ನು ಸೇರಿಸಲಿ. ಅದರಿಂದ ನಷ್ಟಪಡುವ ರೈತನ ಕೈಯನ್ನೂ ಹಿಡಿಯಲಿ. ಮೊದಲನೆಯದು ವ್ರತ, ಎರಡನೆಯದು ದಯೆ. ಎರಡೂ ಕೂಡಿದಾಗಲೇ ಧರ್ಮ.